ಮುಚ್ಚಿದ ಪುಟವೂ ಕರೆಯುವುದು ಹೇಗೆ?

ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಲಕ್ಷಾಂತರ ಜನ ಸೇರುತ್ತಾರೆ. ಬಿಲ್ಲನ್ನೇರಿದ ಗೊರವಯ್ಯ ನುಡಿಯುವುದು ಒಂದೇ ಸಾಲು, ಅದೇ ಕಾರ್ಣಿಕ ಎಂಬ ಭವಿಷ್ಯವಾಣಿ. ಆ ವರ್ಷದ ಮಳೆ, ಬೆಳೆ, ರಾಜಕೀಯ ಎಲ್ಲವನ್ನೂ ಜನ ಆ ಒಂದು ಸಾಲಿನಲ್ಲೇ ಹುಡುಕುತ್ತಾರೆ. ಈಗ ಕಾರ್ಣಿಕ ಬಹುಬೇಗ ಸುದ್ದಿ ಜಾಲತಾಣಗಳನ್ನೂ ಮುಟ್ಟುತ್ತದೆ. ಜಾತ್ರೆಗೆ ಹೋಗಲಾಗದವರು ಕೂಡ್ಲಿಗಿಯಲ್ಲೋ ಹರಪನಹಳ್ಳಿಯಲ್ಲೋ ಕೂತು ಫೋನಿನಲ್ಲಿ ಅದನ್ನು ಹುಡುಕುತ್ತಾರೆ. ಪುಟ ಪೂರ್ತಿ ತೆರೆಯುವ ಮೊದಲೇ ಒಂದು ಚೌಕ ಅಡ್ಡ ಬರುತ್ತದೆ. ಈ ತಾಣ ನಿಮಗೆ ನೋಟಿಫಿಕೇಶನ್ ಕಳಿಸಬಹುದೇ ಎಂಬ ಪ್ರಶ್ನೆ, ಅದರ ಕೆಳಗೆ ‘ಅನುಮತಿಸಿ’, ‘ನಿರ್ಬಂಧಿಸಿ’ ಎಂಬ ಎರಡು ಗುಂಡಿ. ಓದುವ ಅವಸರದಲ್ಲಿ ಬೆರಳು ಮೊದಲನೆಯದನ್ನು ಒತ್ತಿಬಿಡುತ್ತದೆ. ವರ್ಷಕ್ಕೊಂದು ಸಾಲು ಕೇಳಹೋದವರಿಗೆ ಅಂದಿನಿಂದ ದಿನಕ್ಕೆ ಹತ್ತಾರು ಸಾಲು ಬರತೊಡಗುತ್ತವೆ: ಸಿನಿಮಾ ನಟಿಯ ಮದುವೆ, ಚಿನ್ನದ ದರ, ಸಾಲದ ಆಮಿಷ.

ಇಲ್ಲಿ ಸೋಜಿಗದ ಸಂಗತಿಯೊಂದಿದೆ. ಪುಟ ಮುಚ್ಚಿಯಾಗಿದೆ, ಆ ತಾಣದ ಹೆಸರೂ ಮರೆತುಹೋಗಿದೆ. ಆದರೂ ಅದು ನಮ್ಮ ಫೋನನ್ನು ತಟ್ಟಿ ಎಬ್ಬಿಸುವುದು ಹೇಗೆ?

‘ಅನುಮತಿಸಿ’ ಒತ್ತಿದೊಡನೆ ತೆರೆಮರೆಯಲ್ಲಿ ಮೂರು ಕೆಲಸ ನಡೆಯುತ್ತವೆ. ತಾಣವು ನಮ್ಮ ಬ್ರೌಸರ್‌ನೊಳಗೆ ಇಟ್ಟಿರುವ ‘ಸರ್ವಿಸ್ ವರ್ಕರ್’ ಎಂಬ ಪುಟ್ಟ ಪ್ರೋಗ್ರಾಮಿಗೆ ಮೊದಲು ಕೆಲಸ ಹತ್ತುತ್ತದೆ. ಪುಟ ಮುಚ್ಚಿದರೂ ಇದು ಅಳಿಯುವುದಿಲ್ಲ, ನಿದ್ದೆ ಹೋಗುತ್ತದೆ ಅಷ್ಟೆ. ಎರಡನೆಯದಾಗಿ ಬ್ರೌಸರ್ ತನ್ನ ಕಂಪನಿಯ ಸಂದೇಶ ಸೇವೆಯಿಂದ ಒಂದು ವಿಳಾಸ ಪಡೆಯುತ್ತದೆ. ಕ್ರೋಮ್‌ಗೆ ಅದನ್ನು ಕೊಡುವುದು ಗೂಗಲ್, ಫೈರ್‌ಫಾಕ್ಸ್‌ಗೆ ಮೊಜಿಲ್ಲಾ, ಸಫಾರಿಗೆ ಆ್ಯಪಲ್. ಉದ್ದನೆಯ ಈ ವಿಳಾಸ ನಿಮ್ಮ ಬ್ರೌಸರ್ ಮತ್ತು ಆ ಒಂದು ತಾಣದ ಜೋಡಿಗಷ್ಟೇ ಸೇರಿದ್ದು. ಮೂರನೆಯದಾಗಿ ತಾಣವು ಆ ವಿಳಾಸವನ್ನು ತನ್ನ ಸರ್ವರಿನಲ್ಲಿ ಬರೆದಿಟ್ಟುಕೊಳ್ಳುತ್ತದೆ.

ಆಮೇಲೆ ತಾಣಕ್ಕೆ ಬೇಕೆನಿಸಿದಾಗ ಆ ವಿಳಾಸಕ್ಕೆ ಸಂದೇಶ ಕಳಿಸಿದರಾಯಿತು. ಗೂಗಲ್‌ನ ಸೇವೆಯೊಂದಿಗೆ ಆಂಡ್ರಾಯ್ಡ್ ಫೋನಿಗೆ ಹೇಗೂ ಸಂಪರ್ಕ ಇದ್ದೇ ಇರುತ್ತದೆ. ಆ ದಾರಿಯಲ್ಲಿ ಬಂದ ಸಂದೇಶ ಸರ್ವಿಸ್ ವರ್ಕರನ್ನು ಎಬ್ಬಿಸುತ್ತದೆ, ಅದು ಪರದೆಯ ಮೇಲೆ ನೋಟಿಫಿಕೇಶನ್‌ನ ಚೀಟಿ ತೋರಿಸಿ ಮತ್ತೆ ಮಲಗುತ್ತದೆ. ಡೇಟಾ ಇಲ್ಲದಿದ್ದರೆ ಸಂದೇಶ ಸೇವೆಯಲ್ಲೇ ಕಾಯುತ್ತದೆ, ಗೂಗಲ್‌ನ ಸೇವೆಯಲ್ಲಿ ನಾಲ್ಕು ವಾರಗಳವರೆಗೂ. ಪ್ಯಾಕ್ ಮುಗಿದ ಫೋನಿಗೆ ರೀಚಾರ್ಜ್ ಮಾಡಿಸಿದೊಡನೆ ಟಣ್ ಟಣ್ ಎಂದು ಚೀಟಿಗಳು ಸುರಿಯುವುದು ಇದೇ ಕಾರಣಕ್ಕೆ.

ಈ ವ್ಯವಸ್ಥೆ ಕಟ್ಟಿದವರು ಜಾಗ್ರತೆ ವಹಿಸದೆ ಇರಲಿಲ್ಲ. ಸಂದೇಶದ ಒಳಗಿನ ಮಾತು ಗೂಢಲಿಪಿಯಲ್ಲಿರುತ್ತದೆ, ನಡುವೆ ಸಾಗಿಸುವ ಕಂಪನಿ ಅದನ್ನು ಓದಲಾರದು. ಸಂದೇಶ ಬಂದಾಗಲೆಲ್ಲ ಬಳಕೆದಾರನ ಕಣ್ಣಿಗೆ ಕಾಣುವಂತೆ ಚೀಟಿ ತೋರಿಸಲೇಬೇಕು ಎಂಬುದು ಕ್ರೋಮ್‌ನ ಷರತ್ತು, ಸದ್ದಿಲ್ಲದೆ ಹಿನ್ನೆಲೆಯಲ್ಲಿ ಕೆಲಸ ಮಾಡಲು ಬಿಡುವುದಿಲ್ಲ. ನೋಟಿಫಿಕೇಶನ್ ಅನುಮತಿಯಿಂದ ತಾಣಕ್ಕೆ ನಿಮ್ಮ ಫೋಟೊ, ಫೋನ್ ನಂಬರುಗಳು, ಓಟಿಪಿ ಯಾವುದೂ ಸಿಗುವುದಿಲ್ಲ. ಸಿಗುವುದು ನಿಮ್ಮನ್ನು ಕರೆಯುವ ಹಕ್ಕು. ತೊಂದರೆ ಆರಂಭವಾಗುವುದು ಆ ಕರೆಗೆ ಓಗೊಟ್ಟಾಗ.

2015ರ ಏಪ್ರಿಲ್‌ನಲ್ಲಿ ಕ್ರೋಮ್‌ನ 42ನೇ ಆವೃತ್ತಿ ಈ ಸೌಲಭ್ಯ ತಂದಾಗ ಅದಕ್ಕೆ ಒಳ್ಳೆಯ ಉದ್ದೇಶವೇ ಇತ್ತು. ಆ್ಯಪ್ ಹಾಕಿಕೊಳ್ಳದೆಯೇ ಮಿಂಚಂಚೆ ಬಂದದ್ದೋ ಬಸ್ಸು ತಡವಾದದ್ದೋ ತಿಳಿಯಲಿ ಎಂಬ ಆಲೋಚನೆ. ಆದರೆ ಬಂದವರನ್ನೆಲ್ಲ ಬಾಗಿಲಲ್ಲೇ ತಡೆದು ಕೇಳುವ ಚಾಳಿ ತಾಣಗಳಿಗೆ ಅಂಟಿಕೊಂಡಿತು. 2018ರ ಡಿಸೆಂಬರ್ 25ರಿಂದ ಒಂದು ತಿಂಗಳು ಮೊಜಿಲ್ಲಾ ಫೈರ್‌ಫಾಕ್ಸ್‌ನ ಬೀಟಾ ಆವೃತ್ತಿಯಲ್ಲಿ ಲೆಕ್ಕ ಹಾಕಿತು. ಸುಮಾರು 1.8 ಕೋಟಿ ಸಲ ಈ ಪ್ರಶ್ನೆ ಕೇಳಲಾಗಿತ್ತು, ಒಪ್ಪಿಗೆ ಸಿಕ್ಕಿದ್ದು ಶೇ. 3ಕ್ಕಿಂತಲೂ ಕಡಿಮೆ ಸಲ. ಶೇ. 19ರಷ್ಟು ಸಂದರ್ಭಗಳಲ್ಲಿ ಜನ ಪ್ರಶ್ನೆ ಕಂಡೊಡನೆ ತಾಣವನ್ನೇ ಬಿಟ್ಟು ಹೋಗಿದ್ದರು. 2020ರ ಜನವರಿಯಿಂದ ಫೈರ್‌ಫಾಕ್ಸ್, ಬಳಕೆದಾರ ಪುಟದಲ್ಲಿ ಏನನ್ನಾದರೂ ಒತ್ತುವವರೆಗೆ ಈ ಪ್ರಶ್ನೆಯನ್ನು ಮುಂದಕ್ಕೆ ಬಿಡುವುದಿಲ್ಲ. ಅದರ ಮರುತಿಂಗಳು ಕ್ರೋಮ್ ಕೂಡ ಕಿರಿಕಿರಿಯ ತಾಣಗಳ ಪ್ರಶ್ನೆಯನ್ನು ಸಣ್ಣ ಗಂಟೆಯ ಚಿತ್ರಕ್ಕೆ ಇಳಿಸುವ ಏರ್ಪಾಡು ತಂದಿತು.

ತಾಣಗಳು ಸುಮ್ಮನಿರಲಿಲ್ಲ. ‘ತಾಜಾ ಸುದ್ದಿ ಬೇಕೇ? ಹೌದು / ಆಮೇಲೆ’ ಎಂಬ ಬಣ್ಣದ ಪೆಟ್ಟಿಗೆ ನೋಡಿದ್ದೀರಲ್ಲ, ಅದು ಬ್ರೌಸರ್ ಕೇಳುವ ಪ್ರಶ್ನೆಯಲ್ಲ, ತಾಣ ತಾನೇ ಬಿಡಿಸಿಟ್ಟ ಚಿತ್ರ. ಬ್ರೌಸರ್‌ನ ನಿಜವಾದ ಪ್ರಶ್ನೆಗೆ ನೀವು ಒಮ್ಮೆ ‘ನಿರ್ಬಂಧಿಸಿ’ ಎಂದರೆ ತಾಣ ಮತ್ತೆ ಕೇಳುವಂತಿಲ್ಲ. ಆ ಭಯಕ್ಕೆ ಮೊದಲು ತನ್ನ ಪೆಟ್ಟಿಗೆಯಲ್ಲಿ ನಿಮ್ಮ ಮನಸ್ಸು ಅಳೆಯುತ್ತದೆ. ‘ಹೌದು’ ಎಂದವರ ಮುಂದೆ ಮಾತ್ರ ನಿಜವಾದ ಪ್ರಶ್ನೆ ಬರುತ್ತದೆ. ‘ಆಮೇಲೆ’ ಎಂದವರಿಗೆ ನಾಳೆ ಮತ್ತೆ ಅದೇ ಪೆಟ್ಟಿಗೆ. ಇವೆರಡನ್ನು ಗುರುತಿಸುವುದು ಕಷ್ಟವಲ್ಲ: ನಿಜವಾದ ಪ್ರಶ್ನೆಯಲ್ಲಿ ತಾಣದ ವಿಳಾಸ ಇದ್ದೇ ಇರುತ್ತದೆ.

ಇನ್ನೂ ಕೆಟ್ಟ ಬಗೆಯೊಂದಿದೆ. ‘ನೀವು ರೋಬೋಟ್ ಅಲ್ಲವೆಂದು ತೋರಿಸಲು ಅಲೋ ಒತ್ತಿ’, ‘ವಿಡಿಯೊ ನೋಡಲು ಅಲೋ ಒತ್ತಿ’ ಎನ್ನುವ ಪುಟಗಳು. ಒತ್ತಿದ ಮೇಲೆ ‘ನಿಮ್ಮ ಫೋನಿಗೆ ವೈರಸ್ ತಗುಲಿದೆ’ ಎಂದು ಹೆದರಿಸುವ, ಎಪಿಕೆ ಫೈಲ್ ಇಳಿಸಿಕೊಳ್ಳಲು ಹೇಳುವ ಚೀಟಿಗಳು ಬರುತ್ತವೆ. ಒಂದು ಮಾತು ನೆನಪಿಡಿ: ಯಾವುದೇ ಪುಟ ಓದಲು, ವಿಡಿಯೊ ನೋಡಲು, ಪರೀಕ್ಷೆಯ ಫಲಿತಾಂಶ ತಿಳಿಯಲು ನೋಟಿಫಿಕೇಶನ್ ಅನುಮತಿ ತಾಂತ್ರಿಕವಾಗಿ ಬೇಕಿಲ್ಲ. ಬೇಕು ಎನ್ನುವ ಪುಟ ಸುಳ್ಳು ಹೇಳುತ್ತಿದೆ.

2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿದ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಂಥ ತಾಲ್ಲೂಕುಗಳಲ್ಲಿ ಈ ಸಮಸ್ಯೆಗೆ ಇನ್ನೊಂದು ಮುಖವಿದೆ. ಪಹಣಿ ತೆಗೆಸಲು, ಜಾತಿ-ಆದಾಯ ಪ್ರಮಾಣಪತ್ರಕ್ಕೆ, ವಿದ್ಯಾರ್ಥಿವೇತನದ ಅರ್ಜಿಗೆ ಜನ ಹೋಗುವುದು ಜೆರಾಕ್ಸ್ ಅಂಗಡಿಗೆ, ಆನ್‌ಲೈನ್ ಸೆಂಟರಿಗೆ, ಗ್ರಾಮ ಒನ್ ಕೇಂದ್ರಕ್ಕೆ. ಅನುಮತಿ ದಾಖಲಾಗುವುದು ಮನುಷ್ಯನ ಹೆಸರಿನಲ್ಲಲ್ಲ, ಆ ಕಂಪ್ಯೂಟರಿನ ಬ್ರೌಸರ್ ಖಾತೆಯಲ್ಲಿ. ಬೆಳಿಗ್ಗೆ ಬಂದ ಗಿರಾಕಿ ಒತ್ತಿಹೋದ ಅನುಮತಿಯ ಚೀಟಿ ಸಂಜೆ ಬಂದವರ ಅರ್ಜಿಯ ಮೇಲೆ ತೇಲಿಬರುತ್ತದೆ. ಸರ್ಕಾರಿ ಪುಟದ ಮೇಲೆ ತೇಲಿದ್ದರಿಂದ ಅದೂ ಸರ್ಕಾರದ್ದೇ ಎಂದು ನಂಬುವವರಿಗೆ ಕೊರತೆಯಿಲ್ಲ. ಅಂಗಡಿಯವರಿಗೆ ಪರಿಹಾರ ಸುಲಭ: ಗಿರಾಕಿಗಳಿಗೆ ಗೆಸ್ಟ್ ಅಥವಾ ಇನ್‌ಕಾಗ್ನಿಟೋ ಕಿಟಕಿ ತೆರೆದುಕೊಡಿ. ಇನ್‌ಕಾಗ್ನಿಟೋದಲ್ಲಿ ಕ್ರೋಮ್ ಯಾವ ತಾಣಕ್ಕೂ ನೋಟಿಫಿಕೇಶನ್ ಅನುಮತಿ ಕೊಡುವುದಿಲ್ಲ.

ಎಲ್ಲ ಅನುಮತಿಯೂ ಕೆಟ್ಟದ್ದಲ್ಲ. ಹಗರಿಬೊಮ್ಮನಹಳ್ಳಿಯಿಂದ ಅಂಕಸಮುದ್ರದ ಪಕ್ಷಿಧಾಮಕ್ಕೆ ದಾರಿ ಕೇಳಿದರೆ ನಕಾಶೆಗೆ ನೀವಿರುವ ಜಾಗ ಗೊತ್ತಿರಲೇಬೇಕು. ಫೋನಾದರೆ ಜಿಪಿಎಸ್, ವೈಫೈ, ಮೊಬೈಲ್ ಟವರ್ ಸೇರಿಸಿ ಜಾಗ ಹೇಳುತ್ತದೆ. ಜಿಪಿಎಸ್ಸೂ ವೈಫೈಯೂ ಇಲ್ಲದ ಅಂಗಡಿಯ ಕಂಪ್ಯೂಟರ್ ಇಂಟರ್‌ನೆಟ್ ವಿಳಾಸ ನೋಡಿ ಅಂದಾಜಿಸಬೇಕಾಗುತ್ತದೆ, ಹಾಗಾಗಿ ಹರಪನಹಳ್ಳಿಯಲ್ಲಿ ಕೂತವರನ್ನು ಬೆಂಗಳೂರಿನಲ್ಲಿ ತೋರಿಸಿದರೂ ಆಶ್ಚರ್ಯವಿಲ್ಲ. ವಿಡಿಯೊ ಕರೆಗೆ ಕ್ಯಾಮೆರಾ, ಮೈಕ್ ಬೇಕು. ಕೇಳಿದ ಅನುಮತಿಗೂ ನೀವು ಮಾಡಹೊರಟ ಕೆಲಸಕ್ಕೂ ನೇರ ಸಂಬಂಧ ಇದೆಯೇ ಎಂದು ನೋಡಿದರೆ ಸಾಕು. ಮೆಕ್ಕೆಜೋಳದ ದರ ತೋರಿಸುವ ಪುಟಕ್ಕೆ ನಿಮ್ಮ ಮೈಕ್ ಯಾಕೆ? ಸಂಬಂಧವಿದ್ದಾಗಲೂ ಕ್ರೋಮ್ ತೋರಿಸುವ ‘ಈ ಬಾರಿ ಮಾತ್ರ’ ಎಂಬ ಆಯ್ಕೆಯೇ ವಾಸಿ.

ಈಗಾಗಲೇ ಕೊಟ್ಟ ಅನುಮತಿ ವಾಪಸ್ ಪಡೆಯಬಹುದು. ಹಿಸ್ಟರಿ ಅಳಿಸಿದರೆ, ಫೋನ್ ಆಫ್ ಮಾಡಿ ಆನ್ ಮಾಡಿದರೆ ಅದು ಹೋಗುವುದಿಲ್ಲ. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಮೇಲಿನ ಮೂರು ಚುಕ್ಕೆ ಒತ್ತಿ, ಸೆಟ್ಟಿಂಗ್‌ಗಳು, ಸೈಟ್ ಸೆಟ್ಟಿಂಗ್‌ಗಳು, ಅಧಿಸೂಚನೆಗಳು ಎಂದು ಒಂದೊಂದಾಗಿ ಒಳಗೆ ಹೋಗಿ. ಅನುಮತಿ ಪಡೆದ ತಾಣಗಳ ಪಟ್ಟಿಯೇ ಅಲ್ಲಿದೆ. ಬೇಡದ್ದನ್ನು ಒತ್ತಿ ನಿರ್ಬಂಧಿಸಿ. ಇಷ್ಟು ದೂರ ಹೋಗಲು ಬೇಸರವಾದರೆ, ಬಂದ ಚೀಟಿಯನ್ನೇ ಬೆರಳಿನಲ್ಲಿ ಒತ್ತಿಹಿಡಿದು ಅಲ್ಲಿಂದಲೇ ನಿಲ್ಲಿಸಬಹುದು. ಕಳಿಸಿದ ತಾಣದ ವಿಳಾಸ ಆ ಚೀಟಿಯಲ್ಲೇ ಸಣ್ಣ ಅಕ್ಷರದಲ್ಲಿರುತ್ತದೆ. ಕಂಪ್ಯೂಟರಿನಲ್ಲಾದರೆ ಆ ತಾಣ ತೆರೆದು ವಿಳಾಸಪಟ್ಟಿಯ ಎಡತುದಿಯ ಚಿತ್ರ ಒತ್ತಿ. 2023ರವರೆಗೆ ಕ್ರೋಮ್ ಅಲ್ಲಿ ಬೀಗದ ಚಿತ್ರ ಇಡುತ್ತಿತ್ತು. ಬೀಗ ಕಂಡರೆ ತಾಣ ಪ್ರಾಮಾಣಿಕ ಎಂದು ಜನ ತಪ್ಪು ತಿಳಿಯುತ್ತಿದ್ದುದರಿಂದ ಅದನ್ನು ತೆಗೆದುಹಾಕಲಾಯಿತು.

ಒಪ್ಪಿಗೆ ಕೊಡುವುದು ಒಂದೇ ಒತ್ತಿಗೆ, ಹಿಂಪಡೆಯಲು ನಾಲ್ಕೈದು ಮೆಟ್ಟಿಲು. ಖಾಸಗಿ ಮಾಹಿತಿಯ ವಿಷಯದಲ್ಲಿ ಈ ಅಸಮತೋಲನವನ್ನು ನಮ್ಮ ಕಾನೂನು ಒಪ್ಪುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಪ್ರಕಾರ ಒಪ್ಪಿಗೆ ಹಿಂಪಡೆಯುವುದು ಕೊಡುವಷ್ಟೇ ಸುಲಭವಿರಬೇಕು. ಒಪ್ಪಿಗೆ ಕೇಳುವ ತಿಳಿವಳಿಕೆ ಪತ್ರವನ್ನು ಸಂವಿಧಾನದ ಎಂಟನೇ ಅನುಸೂಚಿಯ ಭಾಷೆಯಲ್ಲಿ, ಅಂದರೆ ಕನ್ನಡದಲ್ಲೂ, ಓದುವ ಆಯ್ಕೆ ಇರಬೇಕು. ನೋಟಿಫಿಕೇಶನ್ ಕೇಳುವವರೂ ಇದೇ ನೀತಿ ಪಾಲಿಸುವುದು ನ್ಯಾಯ.

ಅಲ್ಲಿಯವರೆಗೆ ಇವತ್ತೇ ಮಾಡಬಹುದಾದ ಕೆಲಸವೊಂದಿದೆ. ಅದೇ ಅಧಿಸೂಚನೆಗಳ ಪುಟದಲ್ಲಿ ತಾಣಗಳು ಕೇಳುವುದನ್ನೇ ತಡೆಯುವ ಆಯ್ಕೆಯಿದೆ, ಅದನ್ನು ಹಾಕಿಬಿಡಿ. ಮನೆಯ ಹಿರಿಯರ ಫೋನಿನಲ್ಲೂ ಹಾಕಿಕೊಡಿ. ಚೀಟಿ ನಂಬಿ ದುಡ್ಡು ಕಳೆದುಕೊಂಡಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ. ದೂರು ಬೇಗ ತಲುಪಿದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.