ಅಂಕಣದ ಲೆಕ್ಕದ ಮನೆ

ಹಳ್ಳಿಯ ಬಡವರಿಗೆ ‘ಮಾಡ್ಯುಲರ್’ ಮನೆಗಳನ್ನು ಕಟ್ಟಬೇಕೆಂಬ ಮಾತು ಈಗ ಆಗಾಗ ಕೇಳಿಬರುತ್ತದೆ. ಒಂದೇ ಅಳತೆಯ ಘಟಕಗಳನ್ನು ಮೊದಲೇ ಸಿದ್ಧಪಡಿಸಿ, ನಿವೇಶನಕ್ಕೆ ತಂದು ಜೋಡಿಸುವುದೇ ಈ ಕ್ರಮ. ಅಚ್ಚು ಒಂದೇ ಆದುದರಿಂದ ಖರ್ಚೂ ಕಾಲವೂ ಉಳಿಯುತ್ತವೆ. ಕನ್ನಡದ ಪಾಠ ಹೇಳಿಕೊಂಡು ಬಂದ ನನಗೆ ಈ ಮಾತು ಕೇಳಿದಾಗ ನೆನಪಾಗುವುದು ನಮ್ಮ ‘ಅಂಕಣ’.

ಅಂಕಣವೆಂದರೆ ಇಂದು ಪತ್ರಿಕೆಯ ಬರೆಹ. ಹಳೆಯ ಮನೆಗಳಲ್ಲಿ ಅದು ಎರಡು ಕಂಬಗಳ ನಡುವಣ ಸ್ಥಳ. ಉತ್ತರದ ಸೀಮೆಯಲ್ಲಿ ಅದನ್ನು ಖಣವೆನ್ನುವುದೂ ಉಂಟು. ಮೂರಂಕಣದ ಮನೆ, ಐದಂಕಣದ ಮನೆ ಎಂದು ಹಿರಿಯರು ಎಣಿಸಿದರು. ಕೈಯಲ್ಲಿ ನಾಲ್ಕು ಕಾಸು ಕೂಡಿದಾಗ ಅದೇ ಅಳತೆಯ ಇನ್ನೊಂದು ಅಂಕಣ ಸೇರುತ್ತಿತ್ತು. ಸಂಸಾರದೊಡನೆ ಮನೆಯೂ ಬೆಳೆಯುತ್ತಿತ್ತು.

ಬೀದರ ಜಿಲ್ಲೆಯಲ್ಲಿ ಈ ಕ್ರಮ ಎಷ್ಟು ಸಲ್ಲುತ್ತದೆ? ಉತ್ತರವನ್ನು ಮಣ್ಣು ಹೇಳುತ್ತದೆ. ಬೀದರ ನಗರ ನಿಂತಿರುವುದು ಜಂಬಿಟ್ಟಿಗೆಯ ಕೆಂಪು ನೆಲದ ಮೇಲೆ. ಕೋಟೆಯ ಕಂದಕವನ್ನು ಆ ಬಂಡೆಯಲ್ಲಿಯೇ ಕಡಿದಿದ್ದಾರೆ. ಕಡಿಯುವಾಗ ಮೆದುವಾಗಿದ್ದು ಗಾಳಿಗೆ ಗಟ್ಟಿಯಾಗುವ ಆ ಕಲ್ಲು ಅಳತೆಗೆ ಸಿಕ್ಕುವ ಘಟಕವೇ ಸರಿ. ಇಂಥ ಕೆಂಪು ಮಣ್ಣಿಗೆ ತುಸು ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಕೆಲವು ವಾರ ನೀರುಣಿಸಿದರೆ ಸುಡದೆಯೇ ಇಟ್ಟಿಗೆಯಾಗುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರದ ವಿಜ್ಞಾನಿಗಳು ಈ ವಿಧಾನವನ್ನು ಬೆಳೆಸಿದರು.

ಭಾಲ್ಕಿಯ ಅನೇಕ ಹಳ್ಳಿಗಳಲ್ಲಿ, ಔರಾದದಲ್ಲಿ ಇನ್ನೂ ಹೆಚ್ಚಾಗಿ, ನೆಲ ಕಪ್ಪು ಎರೆ. ಮಳೆಗೆ ಉಬ್ಬಿ ಬೇಸಗೆಗೆ ಬಿರಿಯುವ ಆ ಮಣ್ಣು ಗೋಡೆಯನ್ನೂ ಸೀಳುತ್ತದೆ. ಅಲ್ಲಿ ಇಟ್ಟಿಗೆಯ ಮಣ್ಣನ್ನು ಕೆಂಪು ನೆಲದಿಂದ ತರಬೇಕು. ಆಳಕ್ಕೆ ಕೊರೆದು, ಬುಡದಲ್ಲಿ ಗಡ್ಡೆಯಂತೆ ಅಗಲಿಸಿದ ಕಾಂಕ್ರೀಟಿನ ಕಂಬಗಳ ಮೇಲೆ ಮನೆಯನ್ನು ನಿಲ್ಲಿಸಬೇಕು. ಈ ಖರ್ಚನ್ನು ಬಿಟ್ಟು ಅಗ್ಗದ ಲೆಕ್ಕ ಹಾಕುವಂತಿಲ್ಲ.

ಇನ್ನೊಂದು ಎಚ್ಚರಿಕೆ ನೆರೆಯ ಲಾತೂರು ಜಿಲ್ಲೆಯದು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯ ಸುತ್ತ ಭೂಮಿ ನಡುಗಿ ಸಾವಿರಾರು ಜನ ತಮ್ಮ ಮನೆಗಳಡಿಯಲ್ಲಿಯೇ ಮಡಿದರು. ಕೆಸರಿನಲ್ಲಿ ಕೂಡಿಸಿದ ದಪ್ಪ ಕಲ್ಲುಗೋಡೆಗಳು ಮಣ್ಣಿನ ಮಾಳಿಗೆಯ ಭಾರದೊಡನೆ ಬಿಚ್ಚಿಕೊಂಡು ಬಿದ್ದವು. ಘಟಕಗಳ ಮನೆಗೂ ಇದೇ ಪಾಠ: ಬಾಗಿಲ ಮೇಲ್ಮಟ್ಟದಲ್ಲಿಯೂ ಸೂರಿನ ಮಟ್ಟದಲ್ಲಿಯೂ ಸುತ್ತ ಬಿಗಿದ ಕಾಂಕ್ರೀಟ್ ಪಟ್ಟಿ ಬೇಕು. ಜೋಡಣೆಯೇ ಮನೆಯ ಪ್ರಾಣ.

2016ರಲ್ಲಿ ಆರಂಭವಾದ ಪ್ರಧಾನಮಂತ್ರಿ ಗ್ರಾಮೀಣ ಆವಾಸ ಯೋಜನೆಯ ಮನೆಗೆ ಕನಿಷ್ಠ ವಿಸ್ತೀರ್ಣ 25 ಚದರ ಮೀಟರು. ಮಗನ ಮದುವೆಯಾದೊಡನೆ ಅದು ಸಾಲದಾಗುತ್ತದೆ. ನಕ್ಷೆ ಬರೆಯುವವರು ಒಂದು ಪಕ್ಕದಲ್ಲಿ ಮುಂದಿನ ಅಂಕಣಕ್ಕೆ ಎಡೆಯನ್ನೂ ಅದಕ್ಕೆ ಬೇಕಾದ ಅಡಿಪಾಯವನ್ನೂ ಇಂದೇ ಬಿಡಲಿ ಎಂಬುದಿಷ್ಟೇ ನನ್ನ ಕೋರಿಕೆ.