ಹಳೇ ಪಿಕಪ್‌ಗೆ ಹೊಸ ಸ್ಟೀರಿಯೋ ಕೂರುತ್ತೆ, ಹೊಸ ಕಾರಿಗೆ ಯಾಕೆ ಕೂರಲ್ಲ?

ಮೂವತ್ತು ವರ್ಷ ಹಳೆಯ ಟಾಟಾಮೊಬೈಲ್ ಪಿಕಪ್‌ಗೆ ಇವತ್ತಿನ ಬ್ಲೂಟೂತ್ ಸ್ಟೀರಿಯೋ ಹಾಕಬಹುದಾ? ಆರಾಮಾಗಿ ಹಾಕಬಹುದು. ಮೂರು ವರ್ಷದ ಹಿಂದೆ ಕೊಂಡ ಕಾರಿನ ಸ್ಕ್ರೀನ್ ಕೆಟ್ಟರೆ ನಮಗಿಷ್ಟ ಬಂದ ಕಂಪನಿಯದ್ದನ್ನು ಹಾಕಬಹುದಾ? ಅದು ತುಂಬಾ ಕಷ್ಟ.

ಹಳೇ ಗಾಡಿಗೆ ಈ ಅನುಕೂಲ ಬಂದಿದ್ದು ಡ್ಯಾಶ್‌ಬೋರ್ಡಿನ ಒಂದು ಕಿಂಡಿಯಿಂದ. ಮೆಕ್ಯಾನಿಕ್‌ಗಳು ಅದನ್ನು ‘ಸಿಂಗಲ್ ಡಿನ್’ ಅಂತಾರೆ. ಡಿನ್ ಅನ್ನೋದು ಜರ್ಮನಿಯ ಮಾನಕ ಸಂಸ್ಥೆಯ ಹೆಸರು. 180 ಮಿ.ಮೀ. ಅಗಲ, 50 ಮಿ.ಮೀ. ಎತ್ತರ ಅಂತ ಅದು ನಿಗದಿ ಮಾಡಿದ ಅಳತೆ 1984ರಲ್ಲಿ ಐಎಸ್‌ಒ 7736 ಎಂಬ ಅಂತಾರಾಷ್ಟ್ರೀಯ ಮಾನಕವಾಯ್ತು. ಅಳತೆ ಎಲ್ಲರಿಗೂ ಗೊತ್ತಿದ್ದರಿಂದ ಗಾಡಿ ಮಾಡುವವರು ಒಬ್ಬರು, ಸ್ಟೀರಿಯೋ ಮಾಡುವವರು ಇನ್ನೊಬ್ಬರು, ಕೂರಿಸುವವರು ಬೆಂಗಳೂರಿನ ಜೆ.ಸಿ. ರೋಡಿನಲ್ಲೋ ನಿಮ್ಮೂರಿನ ಪೆಟ್ರೋಲ್ ಬಂಕ್ ಪಕ್ಕದಲ್ಲೋ ಇರುವ ಆಟೋ ಎಲೆಕ್ಟ್ರಿಷಿಯನ್. ಯಾರೂ ಯಾರ ಅನುಮತಿಗೂ ಕಾಯಬೇಕಿರಲಿಲ್ಲ.

ಈ ಮಾನಕಕ್ಕೂ ಹಿಂದಿನ ಗಾಡಿಗಳ ಕತೆ ಬೇರೆ. ಅಮೆರಿಕದ 1972ರ ಷೆವರ್ಲೆ ಸಿ10ನಂಥ ಪಿಕಪ್‌ಗಳಲ್ಲಿ ರೇಡಿಯೋಗೆ ಎರಡು ತಿರುಗುಣಿಯ ಸಣ್ಣ ಕಿಂಡಿ ಇರುತ್ತೆ. ಹಾಗಾಗಿ ಅಲ್ಲಿ ಒಂದೋ ಡ್ಯಾಶ್‌ಬೋರ್ಡ್ ಕೊಯ್ಯಬೇಕು, ಇಲ್ಲಾ ಹಳೇ ಮುಖದ ಹಿಂದೆ ಬ್ಲೂಟೂತ್ ಅಡಗಿಸಿದ ಸೆಟ್ ತರಬೇಕು. 1955ರವರೆಗಿನ ಫೋರ್ಡ್ ಪಿಕಪ್‌ಗಳದ್ದು ಇನ್ನೂ ತಲೆನೋವು: 6 ವೋಲ್ಟ್ ಬ್ಯಾಟರಿ, ಅದೂ ಬಾಡಿಗೆ ಪಾಸಿಟಿವ್!

ಶುಂಠಿ ಮೂಟೆ ಹೊತ್ತು ಸವೆದ ನಮ್ಮ ಚಿಕ್ಕಪ್ಪನ ಪಿಕಪ್‌ಗೆ ಸೆಟ್ ಹಾಕಿಸುವಾಗ ಇಡೀ ದಿನ ಎಲೆಕ್ಟ್ರಿಷಿಯನ್ ಜೊತೆ ಕೂತಿದ್ದೆ. ಹಳೇ ಕ್ಯಾಸೆಟ್ ಪ್ಲೇಯರ್ ತೆಗೆದ ಜಾಗಕ್ಕೆ ಹೊಸದು ಹಾಗೇ ಕೂತಿತು. ಕೆಲಸ ಇದ್ದಿದ್ದು ವೈರಿಂಗ್‌ನಲ್ಲಿ. ಹೊಸ ಸೆಟ್‌ಗಳಲ್ಲಿ ಸಾಮಾನ್ಯವಾಗಿ ಹಳದಿ ವೈರು ಸದಾ ಕರೆಂಟ್ ಇರುವ ಕಡೆಗೆ, ಇಲ್ಲದಿದ್ದರೆ ಸೆಟ್‌ನ ನೆನಪು ಅಳಿಸಿಹೋಗುತ್ತೆ. ಕೆಂಪು ವೈರು ಕೀ ತಿರುಗಿಸಿದಾಗ ಮಾತ್ರ ಕರೆಂಟ್ ಬರುವ ಕಡೆಗೆ. ಅದಲುಬದಲಾದರೆ ಬೆಳಿಗ್ಗೆ ಗಾಡಿ ತಳ್ಳಬೇಕಾಗಬಹುದು. ಕಪ್ಪು ವೈರು ಬಾಡಿಗೆ, ಅಲ್ಲಿ ಬಣ್ಣ, ತುಕ್ಕು ಕೆರೆದು ಬರೀ ಲೋಹ ಕಾಣಬೇಕು. ಮೂವತ್ತು ವರ್ಷದ ವೈರಿನ ಸಿಪ್ಪೆ ಮುಟ್ಟಿದರೆ ಉದುರುತ್ತಿತ್ತು. ಅದರ ಮೇಲೆ ಹೊಸ ಲೋಡ್ ಹಾಕಿದರೆ ಕಾಯ್ದು ಬೆಂಕಿ ಹತ್ತೋದೂ ಉಂಟು. ಅದಕ್ಕೇ ಅವರು ಬ್ಯಾಟರಿಯಿಂದ ಬೇರೆ ವೈರ್ ಎಳೆದು, ಬ್ಯಾಟರಿ ಪಕ್ಕದಲ್ಲೇ ಫ್ಯೂಸ್ ಹಾಕಿದರು.

ಹಳೇ ಗಾಡಿ ಇಟ್ಟುಕೊಂಡವರು ಇನ್ನೊಂದು ವಿಷಯ ನೆನಪಿಡಲೇಬೇಕು. ಎಷ್ಟೋ ಹಳೇ ರೇಡಿಯೋಗಳಲ್ಲಿ ಸ್ಪೀಕರಿನ ಒಂದು ತುದಿ ಬಾಡಿಗೆ ತಾಗಿರುತ್ತಿತ್ತು. ಇವತ್ತಿನ ಸೆಟ್‌ಗಳಲ್ಲಿ ಸ್ಪೀಕರಿನ ಎರಡೂ ವೈರಿಗೆ ಸೆಟ್ಟೇ ಕರೆಂಟ್ ಕೊಡುತ್ತೆ, ಒಂದನ್ನು ಬಾಡಿಗೆ ತಾಗಿಸಿದರೆ ಸೆಟ್ ಸುಟ್ಟುಹೋಗಬಹುದು. ಹಳೇ ಸ್ಪೀಕರ್ ವೈರ್ ಕಿತ್ತು ಹೊಸದು ಎಳೆಯೋದೇ ವಾಸಿ.

ಡಬ್ಬದ ಮೇಲೆ ‘50 ವ್ಯಾಟ್, 4 ಚಾನೆಲ್’ ಅಂತ ಇರುತ್ತಲ್ಲ, ಅದನ್ನು ಚುನಾವಣಾ ಪ್ರಣಾಳಿಕೆ ಥರ ಓದಿಕೊಳ್ಳಿ. ಎಂಜಿನ್ ಓಡುವಾಗ ಸಿಗೋದು ಸುಮಾರು 14.4 ವೋಲ್ಟ್. ಆ ವೋಲ್ಟೇಜಿನಲ್ಲಿ 4 ಓಮ್ ಸ್ಪೀಕರಿಗೆ ಸದ್ದು ಒಡೆಯದೆ ತಳ್ಳಬಹುದಾದದ್ದು ಲೆಕ್ಕದ ಪ್ರಕಾರವೇ ಸುಮಾರು 26 ವ್ಯಾಟ್, ನಿಜದಲ್ಲಿ ಇನ್ನೂ ಕಡಿಮೆ. ಡೀಸೆಲ್ ಎಂಜಿನ್ ಸದ್ದಿನ ಮಧ್ಯೆ ಇದು ಸಾಲದು ಅನ್ನಿಸಿದರೆ ವ್ಯಾಟ್ ಬೆನ್ನತ್ತಬೇಡಿ. ಬಾಗಿಲ ತಗಡಿನ ಒಳಗೆ ಸದ್ದು ತಡೆಯುವ ಶೀಟ್ ಅಂಟಿಸಿ, ದುಡ್ಡು ಅಲ್ಲಿ ಹಾಕಿದರೆ ಸಾರ್ಥಕ.

“ಹೊಸ ಗಾಡಿ ತಂದ್ರೆ ನಾನು ಕೈ ಹಾಕಲ್ಲ ಸಾರ್” ಅಂದರು ಆ ಎಲೆಕ್ಟ್ರಿಷಿಯನ್. ಭಯಕ್ಕೆ ಕಾರಣ ಇದೆ. ಈಗಿನ ಎಷ್ಟೋ ಕಾರುಗಳಲ್ಲಿ ಹಾಡು, ಎಸಿ, ರಿವರ್ಸ್ ಕ್ಯಾಮೆರಾ, ಗಾಡಿಯ ಸೆಟ್ಟಿಂಗ್ ಎಲ್ಲವೂ ಒಂದೇ ಸ್ಕ್ರೀನ್ ಮೂಲಕ. ಅದರ ಆಕಾರ ಆ ಮಾಡೆಲ್‌ಗಷ್ಟೇ, ಸಾಫ್ಟ್‌ವೇರ್ ಕಂಪನಿಯ ಕೈಯಲ್ಲಿ. ಸಾಲದ್ದಕ್ಕೆ ಅದು ನಮ್ಮ ಮಾಹಿತಿಯನ್ನೂ ಒಟ್ಟುಮಾಡುತ್ತೆ. 2023ರಲ್ಲಿ ಮೊಜಿಲ್ಲಾ ಫೌಂಡೇಶನ್ 25 ಕಾರು ಬ್ರ್ಯಾಂಡ್‌ಗಳ ಖಾಸಗಿತನದ ನೀತಿ ಪರಿಶೀಲಿಸಿತ್ತು, ಒಂದೂ ಪಾಸಾಗಲಿಲ್ಲ. ಚಿಕ್ಕಪ್ಪನ ಪಿಕಪ್ ಎಲ್ಲಿಗೆ ಹೋಗಿತ್ತು ಅಂತ ಗೊತ್ತಿರೋದು ಚಿಕ್ಕಪ್ಪನಿಗೆ, ಮತ್ತೆ ಚಿಕ್ಕಮ್ಮನಿಗೆ ಅಷ್ಟೇ.

‘ಸುರಕ್ಷತೆಗಾಗಿ ಹೀಗೆ’ ಅನ್ನೋದು ಕಂಪನಿಗಳ ಸಮರ್ಥನೆ. ಬ್ರೇಕ್, ಸ್ಟೀರಿಂಗ್ ವಿಷಯದಲ್ಲಿ ಒಪ್ಪೋಣ. ಹಾಡು ಕೇಳುವ ಪೆಟ್ಟಿಗೆಗೂ ಅದೇ ಬೀಗ ಯಾಕೆ?

ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ ವಾಹನ ರಿಪೇರಿಯ ಹಕ್ಕಿಗೆ ಜನ 2012ರಲ್ಲೂ 2020ರಲ್ಲೂ ನೇರ ಮತ ಹಾಕಿ ಗೆಲ್ಲಿಸಿದರು. ನಮ್ಮಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಇದಕ್ಕೊಂದು ಸಮಿತಿ ಮಾಡಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತುಗಳ ಜೊತೆ ವಾಹನವೂ ಅದರ ಪಟ್ಟಿಯಲ್ಲಿತ್ತು. ಅದೇ ಡಿಸೆಂಬರ್‌ನಲ್ಲಿ ಪೋರ್ಟಲ್ ಕೂಡ ಬಂತು. ಪೋರ್ಟಲ್ ಇದ್ದರೆ ಸಾಲದು, ಬಿಡಿಭಾಗದ ಅಳತೆ, ಕನೆಕ್ಟರ್ ವಿವರ, ರಿಪೇರಿ ಮಾಹಿತಿ ಹೊರಗಿನ ಎಲೆಕ್ಟ್ರಿಷಿಯನ್‌ಗೂ ಸಿಗಬೇಕು ಅಂತ ಕಡ್ಡಾಯ ಮಾಡುವ ಕಾನೂನು ಬೇಕು. ಕೇಳಬೇಕಾದವರಲ್ಲಿ ಕಾರು ಕೊಂಡವರಷ್ಟೇ ಅಲ್ಲ, ಟ್ರ್ಯಾಕ್ಟರ್ ಇಟ್ಟುಕೊಂಡ ರೈತರೂ, ಹೊಸ ಗಾಡಿ ಕಂಡರೆ ಕೈ ಹಿಂದೆಗೆಯುವ ಗ್ಯಾರೇಜಿನವರೂ ಇದ್ದಾರೆ.