ಮುಕ್ತ ಪ್ರವೇಶ: ಕೆಲವು ತಪ್ಪು ತಿಳಿವಳಿಕೆಗಳು

ಅಮೆರಿಕದಲ್ಲಿ ನೆಲೆಸಿರುವ ನಮ್ಮವರು ಮನೆ ಕೊಳ್ಳಲು ಹೊರಟರೆ, ಅದು ಯಾವ 'ಶಾಲಾ ಜಿಲ್ಲೆ'ಗೆ ಸೇರಿದೆ ಎಂದು ವಿಚಾರಿಸುವುದನ್ನು ನೀವು ಕೇಳಿರಬಹುದು. ಈ ಜಿಲ್ಲೆ ನಮ್ಮ ಕಂದಾಯ ಜಿಲ್ಲೆಯಂಥದಲ್ಲ. ಒಂದು ಊರಿನ ಅಥವಾ ಅಕ್ಕಪಕ್ಕದ ಕೆಲವು ಊರುಗಳ ಸಾರ್ವಜನಿಕ ಶಾಲೆಗಳನ್ನು ನಡೆಸುವ ಸ್ಥಳೀಯ ಸಂಸ್ಥೆ ಅದು. ಇಂಥವು ಆ ದೇಶದಲ್ಲಿ ಸುಮಾರು 13,000 ಇವೆ. ಶಾಲೆಗಳ ಖರ್ಚಿನ ದೊಡ್ಡದೊಂದು ಪಾಲು ಅಲ್ಲಿನ ಮನೆ, ಜಮೀನುಗಳ ಮೇಲಿನ ತೆರಿಗೆಯಿಂದ ಬರುತ್ತದೆ. ಹೀಗಾಗಿ ಸಿರಿವಂತರ ಬಡಾವಣೆಯ ಶಾಲೆಗೂ ಬಡವರ ಕೇರಿಯ ಶಾಲೆಗೂ ಅನೇಕ ಕಡೆ ಅಂತರ ಬೆಳೆಯಿತು. ಮಗು ಯಾವ ಶಾಲೆಯಲ್ಲಿ ಓದಬೇಕೆಂಬುದನ್ನು ಮನೆಯ ವಿಳಾಸವೇ ಗೊತ್ತುಮಾಡುತ್ತಿತ್ತು.

ಈ ಕಟ್ಟನ್ನು ಸಡಿಲಿಸಲು ಬಂದದ್ದೇ 'ಮುಕ್ತ ಪ್ರವೇಶ'. ತನ್ನ ಜಿಲ್ಲೆಯ ಗಡಿ ದಾಟಿ, ಇನ್ನೊಂದು ಜಿಲ್ಲೆಯ ಸಾರ್ವಜನಿಕ ಶಾಲೆಗೆ ಅರ್ಜಿ ಹಾಕುವ ಅವಕಾಶವಿದು. 1988ರಲ್ಲಿ ಮಿನೆಸೋಟ ರಾಜ್ಯವು ಇದನ್ನು ಇಡೀ ರಾಜ್ಯಕ್ಕೆ ಅನ್ವಯಿಸುವ ಕಾನೂನು ಮಾಡಿತು. ದೇಶದಲ್ಲಿ ಅದೇ ಮೊದಲನೆಯದು. ಹೆಸರು ಸರಳವಾಗಿದೆ, ಆದರೆ ಅದರ ಸುತ್ತ ಬೆಳೆದಿರುವ ತಪ್ಪು ತಿಳಿವಳಿಕೆಗಳು ಹಲವು.

ಮೊದಲನೆಯದು, ಮುಕ್ತವೆಂದರೆ ಕೇಳಿದವರಿಗೆಲ್ಲ ಜಾಗ ಸಿಕ್ಕೀತೆಂಬುದು. ಹಾಗಲ್ಲ. ಮುಕ್ತವಾಗಿರುವುದು ಅರ್ಜಿ, ಜಾಗವಲ್ಲ. ತರಗತಿ ತುಂಬಿದ್ದರೆ ಜಿಲ್ಲೆಯು ಇಲ್ಲವೆನ್ನಬಹುದು. ಮಿನೆಸೋಟದಲ್ಲಿ ಇರುವ ಜಾಗಕ್ಕಿಂತ ಅರ್ಜಿಗಳು ಹೆಚ್ಚಾದರೆ, ಈಗಾಗಲೇ ಅಲ್ಲಿ ಓದುತ್ತಿರುವವರ ತಮ್ಮ ತಂಗಿಯರಂಥ ಕೆಲವರಿಗೆ ಮೊದಲ ಅವಕಾಶ. ಉಳಿದವರಿಗೆ ಚೀಟಿ ಎತ್ತುವುದು.

ಎರಡನೆಯದು, ಜಾಣ ಮಕ್ಕಳನ್ನೂ ಒಳ್ಳೆಯ ಆಟಗಾರರನ್ನೂ ಆರಿಸಿಕೊಳ್ಳುತ್ತಾರೆಂಬ ಅನುಮಾನ. ಮಿನೆಸೋಟದ ಕಾನೂನು ಇದನ್ನು ಸ್ಪಷ್ಟವಾಗಿ ತಡೆಯುತ್ತದೆ. ಅಂಕ, ಆಟದ ಸಾಮರ್ಥ್ಯ, ಅಂಗವೈಕಲ್ಯ, ಇಂಗ್ಲಿಷಿನ ಜ್ಞಾನ, ಇವುಗಳನ್ನು ನೋಡಿ ಅರ್ಜಿ ತಳ್ಳುವಂತಿಲ್ಲ. ಆದರೆ ಎಲ್ಲೆಡೆಯೂ ಹೀಗೆಯೇ ಎಂದು ತಿಳಿಯಬೇಡಿ. ವಿಸ್ಕಾನ್ಸಿನ್‌ನಲ್ಲಿ, ಮಗುವಿಗೆ ಬೇಕಾದ ವಿಶೇಷ ಶಿಕ್ಷಣದ ಸೌಲಭ್ಯ ಅಥವಾ ಅದರಲ್ಲಿ ಜಾಗ ಇಲ್ಲವೆಂಬ ಕಾರಣದಿಂದ ಅರ್ಜಿಯನ್ನು ನಿರಾಕರಿಸಲು ಅವಕಾಶವಿದೆ. ಹೆಚ್ಚಿನ ಆಸರೆ ಬೇಕಾದ ಮಗುವೇ ಬಾಗಿಲಲ್ಲಿ ನಿಲ್ಲಬೇಕಾಗುವ ಸಂದರ್ಭವಿದು.

ಮೂರನೆಯದು, ಇದು ಖಾಸಗಿ ಶಾಲೆಗೆ ಸರ್ಕಾರ ಕೊಡುವ ಹಣವೆಂಬ ಗೊಂದಲ. ಅದು ಬೇರೆಯೇ ಯೋಜನೆ. ಅದಕ್ಕೆ ವೌಚರ್ ಎಂದು ಹೆಸರು. ಮುಕ್ತ ಪ್ರವೇಶದಲ್ಲಿ ಮಗು ಬಿಡುವುದೂ ಸಾರ್ವಜನಿಕ ಶಾಲೆಯನ್ನೇ, ಸೇರುವುದೂ ಸಾರ್ವಜನಿಕ ಶಾಲೆಯನ್ನೇ. ಮಿನೆಸೋಟದಲ್ಲಿ ಮಗುವಿನ ಹಿಂದೆಯೇ ರಾಜ್ಯದ ಸಹಾಯಧನವೂ ಹೊಸ ಜಿಲ್ಲೆಗೆ ಹೋಗುತ್ತದೆ. ಮಕ್ಕಳು ಬಿಟ್ಟುಹೋದ ಜಿಲ್ಲೆಗೆ ಹಣ ಕಡಿಮೆಯಾಗುತ್ತದೆ. ಆದರೆ ಕಟ್ಟಡದ ಖರ್ಚು, ಬಸ್ಸಿನ ಖರ್ಚು ಅದೇ ಪ್ರಮಾಣದಲ್ಲಿ ಇಳಿಯುವುದಿಲ್ಲ. ಅಲ್ಲಿಯೇ ಉಳಿದ ಮಕ್ಕಳ ಗತಿಯನ್ನೂ ಯೋಚಿಸಬೇಕು.

ನಾಲ್ಕನೆಯದು, ದೇಶಕ್ಕೆಲ್ಲ ಒಂದೇ ನಿಯಮವೆಂಬುದು. ಅಮೆರಿಕದಲ್ಲಿ ಶಿಕ್ಷಣ ಮುಖ್ಯವಾಗಿ ರಾಜ್ಯಗಳ ಹೊಣೆ. ಕೆಲವು ರಾಜ್ಯಗಳಲ್ಲಿ ಜಿಲ್ಲೆಗಳು ಒಪ್ಪಲೇಬೇಕು. ಕೆಲವೆಡೆ ಅವುಗಳ ಇಚ್ಛೆ. ಕಾನ್ಸಾಸ್ ರಾಜ್ಯ 2022ರಲ್ಲಿ ಮಾಡಿದ ಕಾನೂನಿನಂತೆ, ಜಾಗವಿದ್ದರೆ ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಬೇಕೆಂಬ ನಿಯಮ 2024-25ರ ಶಾಲಾ ವರ್ಷದಿಂದ ಜಾರಿಗೆ ಬಂತು.

ಕೊನೆಯದೇ ಮುಖ್ಯವಾದುದು: ಜಾಗ ಸಿಕ್ಕಿತು, ಇನ್ನೇನು ಚಿಂತೆ ಎಂಬುದು. ಅಮೆರಿಕದ ಹಳದಿ ಶಾಲಾ ಬಸ್ಸು ಹೆಸರುವಾಸಿ. ಆದರೆ ಅದು ಗಡಿ ದಾಟಿ ಬರಬೇಕಾದ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಮಿನೆಸೋಟದಲ್ಲಿ ಹೊಸ ಜಿಲ್ಲೆಯ ಹೊಣೆ ತನ್ನ ಗಡಿಯಿಂದೀಚೆಗೆ ಮಾತ್ರ. ಗಡಿಯ ತನಕ ಮಗುವನ್ನು ತಂದುಬಿಡಬೇಕಾದವರು ತಂದೆತಾಯಿ. ತೀರ ಬಡವರಿಗೆ ಆ ಪ್ರಯಾಣದ ವೆಚ್ಚ ಮರಳಿ ಪಡೆಯಲು ಅವಕಾಶವುಂಟು, ನಿಜ. ಆದರೆ ಕಾರೇ ಇಲ್ಲದ ತಾಯಿ, ಬೆಳಗಿನ ಆರಕ್ಕೇ ಕೆಲಸಕ್ಕೆ ಹೋಗಬೇಕಾದ ತಂದೆ, ಇವರಿಗೆ ಆ ಹಣದಿಂದ ಏನು ಪ್ರಯೋಜನ?

ಆದುದರಿಂದ ಮುಕ್ತ ಪ್ರವೇಶದ ಸುದ್ದಿಯನ್ನು ಓದುವಾಗ, ಅರ್ಜಿ ಹಾಕಲು ಹೊರಟಿರುವ ಬಂಧುಗಳಿಗೆ ಬರೆಯುವಾಗ, ಈ ನಾಲ್ಕು ಪ್ರಶ್ನೆಗಳನ್ನು ನೆನಪಿಡಿ. ಜಾಗ ಎಷ್ಟಿದೆ? ಅರ್ಜಿಯ ಕೊನೆಯ ದಿನ ಯಾವುದು? ಯಾವ ಕಾರಣಕ್ಕೆ ನಿರಾಕರಿಸಬಹುದು? ಮಗುವನ್ನು ದಿನವೂ ಕರೆದೊಯ್ಯುವವರು ಯಾರು? ಇವುಗಳಿಗೆ ಉತ್ತರ ದೊರೆತ ಮೇಲೆಯೇ ಆ ಬಾಗಿಲು ಯಾರಿಗೆ ಎಷ್ಟು ತೆರೆದಿದೆಯೆಂದು ಹೇಳಬಹುದು.